ಉತ್ತರದ ಕಿಟಕಿಯ ಮಸುಯೊ

ಜಪಾನಿನ ಅಗೋ ಕೊಲ್ಲಿಯ ನಮ್ಮ ಮುತ್ತಿನ ಕಾರ್ಖಾನೆಯಲ್ಲಿ ಉತ್ತರದ ಕಿಟಕಿ ಮಸುಯೊ ಅಕ್ಕನದು. ಮುತ್ತಿನ ನಿಜವಾದ ಬಣ್ಣ ಕಾಣುವುದು ಆ ಕಿಟಕಿಯ ಬೆಳಕಿನಲ್ಲೇ, ಅದಕ್ಕೇ ಆ ಜಾಗ ಎಲ್ಲರಿಗಿಂತ ಒಳ್ಳೆಯ ಕಣ್ಣಿನವರಿಗೆ. ನಲವತ್ತು ವರ್ಷದಿಂದ ಅಲ್ಲೇ ಕೂತು ಸರಕ್ಕೆ ಮುತ್ತು ಜೋಡಿಸುತ್ತಿದ್ದಳು. ಪಕ್ಕದ ಕುರ್ಚಿ ನನ್ನದು. ಬೈಸಿಕೊಳ್ಳುವ ಕೆಲಸವೂ ನನ್ನದೇ.

ಬಿಳಿ ಮುತ್ತು ಬರೀ ಬಿಳಿಯಲ್ಲ. ಒಂದರಲ್ಲಿ ಗುಲಾಬಿ ಛಾಯೆ, ಇನ್ನೊಂದರಲ್ಲಿ ಕೆನೆಬಣ್ಣ. ಎಲ್ಲವೂ ಒಂದೇ ತಾಯಿಯ ಮಕ್ಕಳಂತೆ ಕಂಡರಷ್ಟೇ ಸರ. ಒಮ್ಮೆ ನಾನು ಕೆಂಪು ಅಂಗಿ ತೊಟ್ಟು ಬಂದಾಗ, "ಮುತ್ತೆಲ್ಲ ನಿನ್ನ ಅಂಗಿ ಬಣ್ಣ ಕುಡಿದು ಕೂತಿವೆ! ಹೋಗೇ, ಬದಲಾಯಿಸ್ಕೊಂಡು ಬಾ!" ಎಂದು ಮನೆಗೆ ಓಡಿಸಿದ್ದಳು. ಮುತ್ತಿನ ಮೈಯ ಸಣ್ಣ ಕುಳಿಗೆ ನಾವು ಎಕುಬೊ, ಅಂದರೆ ಕೆನ್ನೆಗುಳಿ ಎನ್ನುತ್ತೇವೆ. "ಹುಡುಗೀಗಿದ್ರೆ ಚೆಂದ, ಮುತ್ತಿಗಿದ್ರೆ ಅರ್ಧ ಬೆಲೆ" ಅನ್ನುವುದು ಅವಳ ಮಾತು.

ಈ ವಸಂತದಲ್ಲಿ ಅವಳ ಮಗಳು ಚಿಗುಸಾಳ ಮದುವೆ. ಅಕ್ಕ ಹನ್ನೊಂದು ವರ್ಷ ಒಂದೊಂದಾಗಿ ಕೂಡಿಟ್ಟ ಮುತ್ತುಗಳಲ್ಲಿ ಆರಿಸಿ ಪೋಣಿಸಿದ ಸರವನ್ನು ಎರಡು ದಿನ ಮೊದಲು ಹೆಮ್ಮೆಯಿಂದ ನನ್ನ ಕೈಗಿಟ್ಟಳು. ಬೆಳಕಿಗೆ ಹಿಡಿದು ನೋಡಿದೆ. ಅರ್ಧ ಗುಲಾಬಿ, ಅರ್ಧ ಕೆನೆ! ಮದುವೆಗೆ ಬರುವವರೆಲ್ಲ ಮುತ್ತಿನ ಕೆಲಸದವರೇ, ಮದುಮಗಳ ಮುಖಕ್ಕಿಂತ ಮೊದಲು ಕೊರಳು ನೋಡುವ ಜನ. ನಲವತ್ತು ವರ್ಷದ ಹೆಸರು ಒಂದೇ ದಿನಕ್ಕೆ ನೀರುಪಾಲಾಗುತ್ತಿತ್ತು.

"ಅಕ್ಕಾ, ಬಣ್ಣ ಕೂಡಿಲ್ಲ."

"ನಿನ್ ಕಣ್ಣಿಗೇನು ಮಣ್ಣು ಬಿದ್ದಿದೆಯಾ?"

ನಾನೂ ಬಿಡಲಿಲ್ಲ. ಎರಡು ಮುತ್ತು ಮುಂದಿಟ್ಟೆ. "ಇದ್ರಲ್ಲಿ ಗುಲಾಬಿ ಯಾವ್ದು, ಹೇಳು ನೋಡೋಣ."

ತುಂಬ ಹೊತ್ತು ನೋಡಿ ಕೆನೆಬಣ್ಣದ್ದನ್ನು ತೋರಿಸಿದಳು. ನನ್ನ ಮುಖ ಕಂಡು ಕೈ ಹಿಂದಕ್ಕೆಳೆದುಕೊಂಡಳು.

"ಪೊರೆ ಬಂದಿದೆ ಕಣೇ. ಎರಡು ವರ್ಷ ಆಯ್ತು. ಇಲ್ಲಿ ಬಣ್ಣ ಆರಿಸೋದೆಲ್ಲ ನಿನ್ ಕೈಲೇ ಮಾಡಿಸ್ತಿದ್ದೆ. ಹೇಳಿದ್ರೆ ಕಿಟಕಿ ಹೋಗುತ್ತಲ್ಲ."

ದಾರ ಕತ್ತರಿಸಿದೆವು. ಡಬ್ಬಿಯಲ್ಲಿ ಉಳಿದಿದ್ದ ಮುತ್ತುಗಳನ್ನೂ ಸುರಿದುಕೊಂಡೆವು. ಬಣ್ಣ ನಾನು ನೋಡಿದೆ, ಕೆನ್ನೆಗುಳಿಯನ್ನು ಅವಳ ಬೆರಳು ಹಿಡಿಯಿತು. ಅದರಲ್ಲಿ ಅವಳನ್ನು ಮೀರಿಸುವವರು ಈಗಲೂ ಇಲ್ಲ.

ಮದುವೆಯ ದಿನ ಬೀಗಿತ್ತಿ ಸರ ಮುಟ್ಟಿ, "ಮಸುಯೊ ಅವರ ಕೈ ಅಂದ್ರೆ ಕೈ!" ಎಂದರು. ನಾನು ತಲೆ ಬಗ್ಗಿಸಿ ಮೀನು ತಿನ್ನುತ್ತಿದ್ದೆ.

"ಕೈ ನಂದಿರಬಹುದು, ಕಣ್ಣು ಇವಳದು," ಎಂದಳು ಅಕ್ಕ, ಕಾರ್ಖಾನೆಯ ಯಜಮಾನರಿಗೂ ಕೇಳುವಷ್ಟು ಜೋರಾಗಿ. "ನನ್ ಕಣ್ಣಿಗೆ ಪೊರೆ ಬಂದಿದೆ."

ಮರುದಿನ ಬೆಳಿಗ್ಗೆ ಹೋದರೆ ಉತ್ತರದ ಕಿಟಕಿಯಲ್ಲಿ ನನ್ನ ಕುರ್ಚಿ, ಪಕ್ಕದಲ್ಲಿ ಅವಳದು. ನನಗೆ ಸಿಟ್ಟೂ ಬಂತು, ಅಳುವೂ ಬಂತು.

"ಈ ಜಾಗ ನಂಗೆ ಬೇಡ. ಮೊದ್ಲು ಕಣ್ಣಾಸ್ಪತ್ರೆಗೆ ನಡಿ!"

"ಹೋಗ್ತೀನಿ. ಅಲ್ಲೀವರೆಗೆ ಕೂತಿರು," ಎಂದು ನನ್ನನ್ನು ಹಿಡಿದು ಕೂರಿಸಿದಳು. "ಆದ್ರೆ ಕತ್ತಿನ ಆ ಕೆಂಪು ವಸ್ತ್ರ ಬಿಚ್ಚೇ, ಮಂಕೇ. ಅಷ್ಟು ಇನ್ನೂ ಕಾಣ್ಸುತ್ತೆ ನಂಗೆ."