ಲೇಡೀಸ್ ಟೈಲರ್ ಅಂಗಡಿಯಲ್ಲಿ ಗಿಟಾರ್ ಪಾಠ

ನನಗೆ ನಲವತ್ತೆರಡು ತುಂಬಿದ ವರ್ಷ ಹೊಸಪೇಟೆಯಲ್ಲಿ ಎಲ್ಲರೂ ಏನಾದರೊಂದು ಕೊಳ್ಳುತ್ತಿದ್ದರು. ಗಣಿಯ ಭರಾಟೆಯ ಕಾಲ ಅದು. ಪಕ್ಕದ ಮನೆಯವರು ಲಾರಿ ಕೊಂಡರು. ಅದನ್ನು ನೋಡಿ ಎದುರು ಮನೆಯವರು ಎರಡು ಲಾರಿ ಕೊಂಡರು. ನಾನು ಗಿಟಾರ್ ಕೊಂಡೆ.

ಕೊಳ್ಳಬೇಕೆಂದೇ ಹೊರಟವನಲ್ಲ. ಮನೆಗೆ ಬಂದ ನೆಂಟರಿಗೆ ಹಂಪಿ ತೋರಿಸಲು ಹೋಗಿದ್ದೆ. ನಾವು ಊಟಕ್ಕೆ ಕುಳಿತ ಗೆಸ್ಟ್ ಹೌಸಿನ ಗೋಡೆಯ ಮೇಲೆ ಒಂದು ಗಿಟಾರ್ ತೂಗುತ್ತಿತ್ತು. ಯಾರೋ ಪ್ರವಾಸಿ ಬಿಟ್ಟುಹೋದದ್ದಂತೆ. ಊಟ ಬರುವುದು ತಡವಾಯಿತೆಂದು ಅದನ್ನು ಇಳಿಸಿಕೊಂಡು ಹೆಬ್ಬೆರಳಿನಿಂದ ಆರೂ ತಂತಿಗಳನ್ನು ಒಮ್ಮೆ ಸವರಿದೆ. ಎಂಥ ನಾದ! ತಂತಿಯನ್ನು ಒತ್ತದೆ ಸವರಿದರೆ ಯಾರ ಕೈಯಲ್ಲಾದರೂ ಅಷ್ಟು ನಾದ ಬರುತ್ತದೆ ಎಂಬುದು ಆಗ ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ನನ್ನೊಳಗೊಬ್ಬ ಸಂಗೀತಗಾರ ಸುಮ್ಮನೆ ಕೂತಿದ್ದನಲ್ಲ ಎಂದು ಅವನ ಬಗ್ಗೆ ಮರುಕಪಟ್ಟೆ.

"ಒಯ್ರಿ ಸರ, ಇಲ್ಲಿ ಸುಮ್ನ ಧೂಳು ತಿಂತೈತಿ" ಎಂದು ಗೆಸ್ಟ್ ಹೌಸಿನವರು ಕಡಿಮೆಗೇ ಕೊಟ್ಟರು. ಬಸ್ಸಿನಲ್ಲಿ ಅದನ್ನು ಕೂಸಿನ ಹಾಗೆ ತೊಡೆಯ ಮೇಲೆ ಮಲಗಿಸಿಕೊಂಡು ಬಂದೆ. ಮನೆಯಲ್ಲಿ ಅಮ್ಮ ಕನ್ನಡಕ ಸರಿಮಾಡಿಕೊಂಡು ಅದನ್ನು ಸುತ್ತಲೂ ನೋಡಿದಳು. ಹೆಂಡತಿ ಒಂದೇ ಮಾತು ಕೇಳಿದಳು. "ಬಾರಿಸೋರು ಯಾರ್ರೀ?"

ಆಗ ನಾನು ಅದಿರು ಪರೀಕ್ಷಿಸುವ ಲ್ಯಾಬೊಂದರಲ್ಲಿ ಹಿರಿಯ ಕೆಮಿಸ್ಟ್. ಸಂಡೂರು, ಯಶವಂತನಗರದ ಕಡೆಯಿಂದ ಚೀಲ ಚೀಲ ಕೆಂಪು ಪುಡಿ ಬರುತ್ತಿತ್ತು. ಅದರಲ್ಲಿ ಕಬ್ಬಿಣ ಎಷ್ಟಿದೆ ಎಂದು ಹೇಳುವುದು ನಮ್ಮ ಕೆಲಸ. ಪುಡಿಯನ್ನು ಆಸಿಡ್ಡಿನಲ್ಲಿ ಕರಗಿಸಿ, ಗಾಜಿನ ಕೊಳವೆಯಿಂದ ಇನ್ನೊಂದು ದ್ರಾವಣವನ್ನು ಹನಿಹನಿಯಾಗಿ ಬಿಡಬೇಕು. ಬಣ್ಣ ನೇರಳೆಗೆ ತಿರುಗಿದ ಹನಿಗೇ ನಿಲ್ಲಿಸಬೇಕು. ಒಂದು ಹನಿ ಹೆಚ್ಚಾದರೂ ಎಲ್ಲ ಮೊದಲಿಂದ. ಹೊಸಬರು ಕೈತಪ್ಪಿದರೆ, "ಅಷ್ಟೂ ಗೊತ್ತಾಗಂಗಿಲ್ಲೇನು? ಕೈ ಅದನೋ ಕೊರಡು ಅದನೋ?" ಎಂದು ಕೇಳುವುದು ನನ್ನ ರೂಢಿಯಾಗಿತ್ತು.

ಊರಿನ ಸಂಗೀತ ಕ್ಲಾಸಿನಲ್ಲಿ ಆರನೇ ತರಗತಿಯ ಮಕ್ಕಳ ಜೊತೆ ಚಾಪೆಯ ಮೇಲೆ ಕೂರುವುದು ನನ್ನ ಹುದ್ದೆಗೆ ಸರಿಹೋಗುವಂತಿರಲಿಲ್ಲ. ಹೆಂಡತಿಯೇ ದಾರಿ ತೋರಿಸಿದಳು. ಅವಳ ಬ್ಲೌಸ್ ಹೊಲಿಯುವ ಟೈಲರಮ್ಮ ಭಾನುವಾರ ಚರ್ಚಿನಲ್ಲಿ ಗಿಟಾರ್ ನುಡಿಸುತ್ತಾರಂತೆ, ಚಿಕ್ಕಂದಿನಲ್ಲಿ ಮಿಷನ್ ಹಾಸ್ಟೆಲಿನಲ್ಲಿ ಕಲಿತದ್ದಂತೆ. ಹೋಗಿ ಕೇಳಿದೆ. ಅರವತ್ತರ ಹತ್ತಿರದ, ಸಣ್ಣ ಮೈಕಟ್ಟಿನ ಹೆಂಗಸು. ಬಾಯಲ್ಲಿದ್ದ ಗುಂಡುಪಿನ್ನು ತೆಗೆದು, "ಕಲಿಸ್ತೀನ್ರಿ. ಆದ್ರ ನನಗ ಅಂಗಡಿ ಬಿಟ್ಟು ಬರಾಕ ಆಗಂಗಿಲ್ಲ. ಇಲ್ಲೇ ಕುಂದ್ರಬೇಕು ನೋಡ್ರಿ" ಎಂದರು.

ಹೀಗೆ ನಾನು ವಾರಕ್ಕೆ ಮೂರು ಸಂಜೆ ಲೇಡೀಸ್ ಟೈಲರ್ ಅಂಗಡಿಯ ಸ್ಟೂಲಿನ ಮೇಲೆ, ತೂಗುಹಾಕಿದ ಬ್ಲೌಸುಗಳ ಕೆಳಗೆ ಕೂರಲು ಶುರುಮಾಡಿದೆ. ಅಳತೆ ಕೊಡಲು ಬಂದ ಹೆಂಗಸರು ಬಾಗಿಲಲ್ಲಿ ನನ್ನನ್ನು ಕಂಡು ಹಿಂದೆ ಸರಿಯುತ್ತಿದ್ದರು. "ಬರ್ರಿ ಬರ್ರಿ, ಅವರು ಏನೂ ನೋಡಂಗಿಲ್ಲ, ಅವರ ಕಣ್ಣು ಅವರ ಬೆರಳ ಮ್ಯಾಲೇ ಇರತಾವು" ಎಂದು ಟೈಲರಮ್ಮ ಕರೆಯುತ್ತಿದ್ದರು. ನಾನು ಅವರನ್ನು ಅಕ್ಕಾರೆ ಎನ್ನುತ್ತಿದ್ದೆ. ಅವರು ನನ್ನನ್ನು ಸರ ಎನ್ನುತ್ತಿದ್ದರು, ಆ ಮರ್ಯಾದೆ ಒಂದೆರಡು ತಿಂಗಳು ಉಳಿಯಿತು.

ಮೊದಲು ಕಲಿಸಿದ್ದು ಎರಡು ಹಿಡಿತ. ಮೂರು ಬೆರಳನ್ನು ಮೂರು ತಂತಿಯ ಮೇಲೆ ಒಂದು ರೀತಿ ಒತ್ತಿದರೆ ಜಿ, ಇನ್ನೊಂದು ರೀತಿ ಒತ್ತಿದರೆ ಸಿ. ಇದರಿಂದ ಅದಕ್ಕೆ, ಅದರಿಂದ ಇದಕ್ಕೆ ಬೆರಳು ದಾಟಿಸಬೇಕು, ಅಷ್ಟೇ. ಆ ಅಷ್ಟೇ ನನಗೆ ಆಗಲಿಲ್ಲ. ಒಂದು ಬೆರಳು ಜಾಗಕ್ಕೆ ಮುಟ್ಟುವಷ್ಟರಲ್ಲಿ ಇನ್ನೊಂದು ಏಳುತ್ತಿತ್ತು. ಕಿರುಬೆರಳು ತನಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ ಆಕಾಶ ನೋಡುತ್ತಿತ್ತು. ತಂತಿಯಿಂದ ನಾದ ಬರುವ ಬದಲು ತಗಡಿನ ಮೇಲೆ ನೊಣ ಬಿದ್ದಂತೆ ಗುಂಯ್ ಎಂಬ ಶಬ್ದ ಬರುತ್ತಿತ್ತು.

"ಅಕ್ಕಾರೆ, ಈ ಗಿಟಾರೇ ಸರಿ ಇಲ್ಲ" ಎಂದೆ.

ಅಕ್ಕ ಹೊಲಿಗೆ ನಿಲ್ಲಿಸಿ ಗಿಟಾರ್ ತೆಗೆದುಕೊಂಡು ಅದೇ ಎರಡು ಹಿಡಿತ ನುಡಿಸಿದರು. ಅಳತೆಗೆ ನಿಂತಿದ್ದ ಹೆಂಗಸು ತಿರುಗಿ ನೋಡಿದಳು. "ಗಿಟಾರ್ ಸರಿ ಐತಿ" ಎಂದು ನನ್ನ ತೊಡೆಯ ಮೇಲಿಟ್ಟು ಮತ್ತೆ ಮಷೀನಿಗೆ ಕಾಲು ಕೊಟ್ಟರು.

ಎರಡನೇ ವಾರಕ್ಕೆ ಎಡಗೈ ಬೆರಳ ತುದಿಗಳಲ್ಲಿ ಬೊಬ್ಬೆ ಎದ್ದವು. ಲ್ಯಾಬಿನ ಕೊಳವೆಯ ನಲ್ಲಿ ತಿರುಗಿಸುವುದೂ ಅದೇ ಕೈಯಿಂದ. ಒಂದು ಬೆಳಿಗ್ಗೆ ಉರಿಯುವ ಬೆರಳಿಗೆ ನಲ್ಲಿಯ ಹಿಡಿತ ಸಿಗದೆ ಒಂದಲ್ಲ, ಹತ್ತು ಹನಿ ಹರಿಯಿತು. ಬೀಕರಿನ ನೀರು ಬದನೆಕಾಯಿ ಬಣ್ಣಕ್ಕೆ ತಿರುಗಿತು. ಹೊಸಬರೆಲ್ಲ ನೋಡಿದರು. ಯಾರೂ ಕೊರಡಿನ ಮಾತೆತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು.

ಇಷ್ಟಾದರೂ ನನ್ನ ಬಾಯಿ ಮಾತ್ರ ಸುಮ್ಮನಿರಲಿಲ್ಲ. ಗಿಟಾರ್ ಕಲಿಯುತ್ತಿದ್ದೇನೆಂದು ಲ್ಯಾಬಿನಲ್ಲೆಲ್ಲ ಹೇಳಿಕೊಂಡಿದ್ದೆ. ನಮ್ಮ ಮ್ಯಾನೇಜರು ನಿವೃತ್ತರಾದಾಗ ಸಂಡೂರಿನಲ್ಲಿ ಬೀಳ್ಕೊಡುಗೆ ಇಟ್ಟುಕೊಂಡರು. "ಸರದು ಒಂದು ಐಟಂ ಇರ್ಲಿ" ಎಂದು ಲ್ಯಾಬಿನವರು ನನ್ನ ಹೆಸರು ಸೇರಿಸಿದರು. ಅಕ್ಕನಿಗೆ ತಿಳಿಸಿದೆ. "ಬ್ಯಾಡ್ರಿ. ಇನ್ನಾ ಹಸಿ ಐತಿ" ಎಂದರು. ನಾನು ಕೇಳಲಿಲ್ಲ.

ವೇದಿಕೆಯ ಮೇಲೆ ಕುರ್ಚಿ ಹಾಕಿ, ಮೈಕನ್ನು ಬಗ್ಗಿಸಿ ಗಿಟಾರಿನ ಹೊಟ್ಟೆಯ ಹತ್ತಿರ ಇಟ್ಟರು. ಜಿ ಚೆನ್ನಾಗಿ ಬಂತು. ನಾಲ್ಕು ಸಲ ಬಾರಿಸಿದೆ. ಸಿ ಹಿಡಿಯಲು ಕೈ ಎತ್ತಿದೆ. ಬೆವರಿದ ಬೆರಳುಗಳಿಗೆ ತಂತಿ ಎಲ್ಲಿದೆ ಎಂದೇ ತಿಳಿಯಲಿಲ್ಲ. ತಲೆ ಬಗ್ಗಿಸಿ ಹುಡುಕಿದೆ. ಒಂದು ಸಿಕ್ಕಿತು, ಇನ್ನೊಂದು ಜಾರಿತು. ನಾನು ತಲೆ ಬಗ್ಗಿಸಿದ್ದನ್ನು ಕಂಡು, ಐಟಂ ಮುಗಿಸಿ ನಮಸ್ಕರಿಸುತ್ತಿದ್ದಾನೆಂದು ಸಭೆ ಚಪ್ಪಾಳೆ ತಟ್ಟಿತು. ಇನ್ನೂ ಇದೆ ಎಂದು ಹೇಳುವ ಧೈರ್ಯ ನನಗಿರಲಿಲ್ಲ. ಎದ್ದು ನಿಂತು ನಿಜವಾಗಿಯೂ ನಮಸ್ಕರಿಸಿದೆ. ಮ್ಯಾನೇಜರು ಶಾಲಿನೊಳಗಿಂದ ಕೈ ತೆಗೆದು, "ಮಸ್ತ್ ಇತ್ತು, ಭಾಳ ಸಣ್ಣದಿತ್ತು" ಎಂದರು.

ಮನೆಗೆ ಬಂದವನೇ ಗಿಟಾರನ್ನು ಅಲ್ಮಾರದ ಮೇಲೆ ಮಲಗಿಸಿದೆ. ಅಂಗಡಿಯ ದಾರಿ ಬಿಟ್ಟು, ಸುತ್ತುಹಾಕಿ ಕೆಲಸಕ್ಕೆ ಹೋಗತೊಡಗಿದೆ. ಮೂರು ವಾರವಾಗಿರಬೇಕು, ಒಂದು ಸಂಜೆ ಬಾಗಿಲು ತೆರೆದರೆ ಅಕ್ಕ ನಿಂತಿದ್ದರು. ಕರೆಯಲು ಬಂದಿದ್ದಾರೆ, ಸಮಾಧಾನ ಹೇಳುತ್ತಾರೆ ಎಂದು ಮುಖ ಸಪ್ಪೆ ಮಾಡಿಕೊಂಡೆ. ಅವರು ಅಲ್ಮಾರದ ಕಡೆ ನೋಡಲೇ ಇಲ್ಲ.

"ಸರ, ನಿಮಗ ಗಾಡಿ ಹೊಡ್ಯಾಕ ಬರ್ತೈತಲ್ರಿ? ನಾ ಒಂದು ಮೊಪೆಡ್ ತಗೊಂಡೀನಿ. ನಮ್ಮಕ್ಕ ಕಂಪ್ಲಿಯಾಗ ಅದಾಳ. ಬಸ್ಸಿನ್ಯಾಗ ನಿಂತು ನಿಂತು ಸಾಕಾತು. ಕಲಿಸ್ರಿ."

ಭಾನುವಾರ ಮಧ್ಯಾಹ್ನ ಕಾಲುವೆಯ ಪಕ್ಕದ ಬಯಲಿಗೆ ಹೋದೆವು. ನಲವತ್ತು ವರ್ಷ ಮಷೀನು ತುಳಿದ ಕಾಲು, ಕಣ್ಣು ಮುಚ್ಚಿ ಸೂಜಿಗೆ ದಾರ ಪೋಣಿಸುವ ಕೈ. ಅಂಥವರಿಗೆ ಮೊಪೆಡ್ ಏನು ಮಹಾ ಎಂದುಕೊಂಡಿದ್ದೆ. ಅಕ್ಕ ಬ್ರೇಕ್ ಹಿಡಿಯಬೇಕಾದಲ್ಲಿ ಆಕ್ಸಿಲರೇಟರ್ ತಿರುಗಿಸಿದರು. "ಬಿಡ್ರಿ, ಬಿಡ್ರಿ!" ಎಂದು ನಾನು ಕೂಗಿದ್ದಕ್ಕೆ ಹ್ಯಾಂಡಲನ್ನೇ ಬಿಟ್ಟರು. ಗಾಡಿ ಒಂದು ಕಡೆ, ಅವರು ಜಾಲಿಯ ಕಂಟಿಯ ಕಡೆ. ಓಡಿಹೋಗಿ ಎಬ್ಬಿಸಿದೆ. ಸೀರೆಗೆ ಮುಳ್ಳು ಅಂಟಿತ್ತೇ ಹೊರತು ಪೆಟ್ಟಾಗಿರಲಿಲ್ಲ. ಸಿಟ್ಟಿನಿಂದ ಮೊಪೆಡ್ಡಿಗೆ ಒಂದು ಒದೆ ಕೊಟ್ಟು, "ಈ ಗಾಡೀನ ಸರಿ ಇಲ್ರಿ!" ಎಂದರು.

ನಾನು ಗಾಡಿಯನ್ನೆತ್ತಿ, ಸ್ಟಾರ್ಟ್ ಮಾಡಿ, ಬಯಲಿನಲ್ಲಿ ಒಂದು ಸುತ್ತು ಹಾಕಿಬಂದೆ. "ಗಾಡಿ ಸರಿ ಅದರಿ ಅಕ್ಕಾರೆ" ಎಂದೆ.

ಅವರು ನನ್ನನ್ನೇ ದಿಟ್ಟಿಸಿದರು. ಆಮೇಲೆ ಅಲ್ಲೇ ನೆಲದ ಮೇಲೆ ಕೂತು, ಸೀರೆಯ ಮುಳ್ಳು ಕೀಳುತ್ತಾ ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ನಾನೂ ಕೂತೆ. ಅವರು ಕಣ್ಣೊರೆಸಿಕೊಂಡು, "ತಮ್ಮಾ, ನನಗ ಎಷ್ಟು ಸಿಟ್ಟು ಬಂದಿತ್ತು ಗೊತ್ತೇನು? ಈ ವಯಸ್ಸಿನ್ಯಾಗ ಮಂದಿ ಮುಂದ ದಡ್ಡಿ ಆಗೋದು ಭಾಳ ಕಷ್ಟ ಐತಿ" ಎಂದರು. ನನ್ನ ಮೂರು ವಾರದ ನೋವನ್ನು ಯಾರೋ ಬೆರಳಿಟ್ಟು ತೋರಿಸಿದಂತಾಯಿತು. ಗಿಟಾರಿಗಿಂತ ನನಗೆ ನೋವು ಕೊಟ್ಟದ್ದು ಸ್ಟೂಲು. ಹಿರಿಯ ಕೆಮಿಸ್ಟು ಸ್ಟೂಲಿನ ಮೇಲೆ ಕೂತು ತಪ್ಪು ಮಾಡಬೇಕಲ್ಲ ಎಂಬ ಸಂಕಟ.

ಮರುದಿನ ಸಂಜೆ ಅಲ್ಮಾರದ ಮೇಲಿಂದ ಗಿಟಾರ್ ಇಳಿಸಿ, ಕೆಂಪು ಧೂಳು ಒರೆಸಿಕೊಂಡು ಅಂಗಡಿಗೆ ಹೋದೆ. ಅಕ್ಕ ಈ ಸಲ ಪಾಠ ಬದಲಿಸಿದರು. ಬಾರಿಸುವುದೇ ಬೇಡ, ಬರೀ ಬೆರಳು ದಾಟಿಸು ಎಂದರು. ಮಷೀನನ್ನು ನಿಧಾನವಾಗಿ ತುಳಿಯುತ್ತಿದ್ದರು. ಎಂಟು ತುಳಿತಕ್ಕೆ ಒಂದು ಸಲ ದಾಟಬೇಕು. ದಾಟಲಾಗದಿದ್ದರೆ ಬಿಟ್ಟು, ಮುಂದಿನ ಎಂಟಕ್ಕೆ ಕಾಯಬೇಕು. ಭಾನುವಾರ ಬಯಲಿನಲ್ಲಿ ನಾನು ಅವರ ಮೊಪೆಡ್ಡಿನ ಹಿಂದೆ ಓಡುತ್ತಿದ್ದೆ. ಯಾರು ಯಾರಿಗೆ ಗುರು ಎಂಬುದನ್ನು ಅವತ್ತು ಯಾವ ವಾರವೆಂದು ನೋಡಿ ಹೇಳಬೇಕಾಗಿತ್ತು.

ಸುಮಾರು ಎರಡು ತಿಂಗಳ ಮೇಲೆ ಒಬ್ಬಳು ಗಿರಾಕಿ ಬ್ಲೌಸಿನ ತೋಳು ಗಿಡ್ಡವಾಯಿತೆಂದು ಅಕ್ಕನ ಜೊತೆ ಜಗಳಕ್ಕೆ ನಿಂತಳು. "ನೀವ ಹೇಳಿದ್ರಲ್ಲ ಗಿಡ್ಡ ಇರ್ಲಿ ಅಂತ." "ಇಷ್ಟು ಗಿಡ್ಡ ಅಂದಿದ್ನೇನ್ರಿ?" ಜಗಳ ರಂಗೇರಿತ್ತು. ನಾನು ಬಾಯಿ ತೆರೆದು ಕೇಳುತ್ತಿದ್ದೆ. ಥಟ್ಟನೆ ಇಬ್ಬರೂ ಸುಮ್ಮನಾಗಿ ನನ್ನ ಕಡೆ ತಿರುಗಿದರು. ನನ್ನ ಕೈ ತನ್ನಷ್ಟಕ್ಕೆ ಜಿಯಿಂದ ಸಿಗೆ ದಾಟಿ, ಬಾರಿಸಿ, ಮತ್ತೆ ಜಿಗೆ ಬಂದಿತ್ತು. ನಾನು ನೋಡಿರಲೇ ಇಲ್ಲ. ನೋಡಿದ ತಕ್ಷಣ ತಪ್ಪಿತು.

"ನೀವು ಜಗಳ ನಿಲ್ಲಿಸಬ್ಯಾಡ್ರಿ" ಎಂದೆ. ಆ ಗಿರಾಕಿಗೂ ನಗು ಬಂತು. ತೋಳಿಗೆ ಪಟ್ಟಿ ಸೇರಿಸಿಕೊಡುವುದೆಂದು ಇತ್ಯರ್ಥವಾಯಿತು.

ಚಳಿ ಶುರುವಾಗುವ ಹೊತ್ತಿಗೆ ಅಕ್ಕ ಮೊಪೆಡ್ ಓಡಿಸಿಕೊಂಡು ಕಂಪ್ಲಿಗೆ ಹೋದರು. ಅಲ್ಲಿ ಎಸ್‌ಟಿಡಿ ಬೂತಿನಿಂದ ಲ್ಯಾಬಿಗೆ ಫೋನ್ ಮಾಡಿ, "ತಮ್ಮಾ, ಮುಟ್ಟಿದೆ! ಒಂದ ಸಲ ಬಿದ್ದೆ, ಅದನ್ನ ನಮ್ಮಕ್ಕಗ ಹೇಳಿಲ್ಲ" ಎಂದರು. ಲ್ಯಾಬಿನಲ್ಲಿ ನಾನು ಕುಣಿಯುವುದೊಂದು ಬಾಕಿ.

ನನ್ನ ಕಥೆ ಅಷ್ಟು ದೂರ ಹೋಗಲಿಲ್ಲ. ಇವತ್ತಿಗೂ ನನಗೆ ಬರುವುದು ನಾಲ್ಕು ಹಿಡಿತ, ಅದರಲ್ಲಿ ಒಂದು ಸಂದೇಹದ್ದು. ಆದರೆ ಆ ವರ್ಷವೇ ಒಂದು ರಜೆಯ ದಿನ, ಅಮ್ಮ ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತಾ ತನ್ನ ಪಾಡಿಗೆ ಒಂದು ದೇವರನಾಮ ಹೇಳಿಕೊಳ್ಳುತ್ತಿದ್ದಳು. ನಾನು ಮೆಲ್ಲನೆ ಜಿ ಹಿಡಿದೆ. ಹೊಂದಿಕೊಂಡಿತು. ಅಮ್ಮ ತಲೆಯೆತ್ತದೆ ಹಾಡು ಮುಂದುವರಿಸಿದಳು. ಸಾಲು ತಿರುಗುವಲ್ಲಿ ಸಿ ಬೇಕು ಅನ್ನಿಸಿತು, ನಾನು ಬೆರಳು ಹುಡುಕತೊಡಗಿದೆ. ಅಮ್ಮ ನನ್ನ ಕೈಯನ್ನು ಓರೆಗಣ್ಣಿನಿಂದ ನೋಡಿ, ಆ ಅಕ್ಷರವನ್ನು ಎಳೆದಳು. ಇನ್ನೂ ಎಳೆದಳು. ಮುಖ ಕೆಂಪೇರಿತು. ಕೊನೆಗೂ ಸಿ ಸಿಕ್ಕಿತು, ಅಮ್ಮ ಮುಂದಿನ ಸಾಲಿಗೆ ಇಳಿದಳು.

ಪಲ್ಲವಿ ಮುಗಿದ ಮೇಲೆ ಎದೆಯ ಮೇಲೆ ಕೈಯಿಟ್ಟುಕೊಂಡು, "ಇನ್ನೂ ನಾಲ್ಕು ನುಡಿ ಅದಾವೋ. ನನ್ನ ಉಸಿರು ಹೋಗೋದ್ರೊಳಗ ಬೆರಳು ಇಡಪಾ" ಎಂದಳು.

ನಾಲ್ಕೂ ನುಡಿ ಹೇಳಿದಳು. ಪ್ರತಿ ಸಾಲಿನ ತಿರುವಿನಲ್ಲೂ ನನಗಾಗಿ ನಿಂತಳು. ಅಡುಗೆಮನೆಯಿಂದ ಹೆಂಡತಿ ಎರಡು ಸಲ ಬಂದು, ಮೊರದ ಅಕ್ಕಿ ಹಾಗೇ ಇರುವುದನ್ನು ಕಂಡು ಮತ್ತೆ ಒಳಗೆ ಹೋದಳು.