ಬಾನೆಟ್ಟಿನ ಬುಗುಟು

ನಮ್ಮ ಕಾರಿನ ಬಾನೆಟ್ಟಿನ ಮೇಲೊಂದು ಬುಗುಟು ಇತ್ತು. ಬಾಗಿಲಿಗೆ ತಲೆ ಹೊಡೆದುಕೊಂಡ ಮಗುವಿನ ಹಣೆಯಲ್ಲಿ ಏಳುತ್ತದಲ್ಲ, ಅಂಥದ್ದೇ. ಅದನ್ನು ಮಾಡಿದವರು ನಮ್ಮಪ್ಪ.

ಕಾರು ಎರಡೇ ಸೀಟಿನದು, ಮೇಲೆ ಸೂರಿಲ್ಲದ್ದು. ನಮ್ಮ ತೋಟದ ಹಿಂದಿನ ಯಜಮಾನನಾಗಿದ್ದ ಇಂಗ್ಲಿಷ್ ದೊರೆ ತನ್ನ ದೇಶಕ್ಕೆ ಹೋಗುವಾಗ ತೋಟದ ಜೊತೆಗೆ ಅದನ್ನೂ ತಾತನಿಗೆ ಬಿಟ್ಟುಹೋಗಿದ್ದ. ಒಂದು ವರ್ಷ ಹಣ್ಣು ಕೊಯ್ಯುವ ಹೊತ್ತಿಗೆ ಸರಿಯಾಗಿ ಪಲ್ಪರಿನ ಎಂಜಿನ್ ಕೈಕೊಟ್ಟಿತು. ಪಲ್ಪರ್ ಅಂದರೆ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ. ಇವತ್ತು ಕೊಯ್ದ ಹಣ್ಣನ್ನು ಇವತ್ತೇ ಸುಲಿಯಬೇಕು. ರಾಶಿ ರಾತ್ರಿ ಕಳೆದರೆ ಕಾವು ಏರಿ ಹುಳಿ ನಾತ ಹೊಡೆಯುತ್ತದೆ, ಆ ನಾತ ಲೋಟದ ತನಕ ಬರುತ್ತದೆ. ಅದಕ್ಕೇ ನಮ್ಮ ಕಡೆ ಕೊಯ್ಲಿನ ಕಾಲದಲ್ಲಿ ಸುಮ್ಮನೆ ನಿಂತ ಎಂಜಿನ್ ಯಾವುದಿದ್ದರೂ ಅದು ಪಲ್ಪರಿನ ಪಾಲಿಗೇ. ಅಪ್ಪ ಹಿಂದೆಮುಂದೆ ನೋಡದೆ ಕಾರಿನ ಪೆಟ್ರೋಲ್ ಎಂಜಿನ್ ಇಳಿಸಿ, ಸ್ಟೋರು ಅನ್ನುವ ನಮ್ಮ ಕಾಫಿ ಗೋದಾಮಿಗೆ ತಂದು ಪಲ್ಪರಿಗೆ ಬೆಲ್ಟು ಹಾಕಿದರು. ಆ ವರ್ಷದ ಮಟ್ಟಿಗೆ ಅಂದದ್ದು ಅಲ್ಲೇ ಉಳಿದುಬಿಟ್ಟಿತು.

ಖಾಲಿ ಕಾರಿಗೆ ಅಪ್ಪ ಗುಜರಿಗೆ ಬಿದ್ದ ಜೀಪಿನ ಡೀಸೆಲ್ ಎಂಜಿನ್ ಕೂರಿಸಿದರು. ಅದು ಎತ್ತರ, ಬಾನೆಟ್ ಮುಚ್ಚಲಿಲ್ಲ. ಬಾನೆಟ್ಟನ್ನೇ ಕತ್ತರಿಸಿ, ಹಳೇ ಡ್ರಮ್ಮಿನ ತಗಡನ್ನು ವಾರಗಟ್ಟಲೆ ಬಡಿದು ಬಡಿದು ಆ ಬುಗುಟು ಮಾಡಿ ಬೆಸೆದರು. ನಾನು ಪಕ್ಕದಲ್ಲಿ ಕೂತು ನೋಡುತ್ತಿದ್ದೆ. ‘ಚೆಂದಕ್ಕಲ್ಲ ಕಣೆ, ಮುಚ್ಚೋಕೆ’ ಅಂದಿದ್ದರು. ನಾನು ಡ್ರೈವಿಂಗ್ ಕಲಿತದ್ದು ಆ ಕಾರಿನಲ್ಲೇ. ಏರಿನಲ್ಲಿ ಅದು ಗಡಗಡ ಅನ್ನುತ್ತಾ ಹತ್ತುವುದು ಅರ್ಧ ಮೈಲಿ ಆಚೆಗೂ ಕೇಳುತ್ತಿತ್ತು. ಅಮ್ಮ ಅದನ್ನು ಕೇಳಿಯೇ ಒಲೆಯ ಮೇಲೆ ಕಾಫಿಗೆ ನೀರಿಡುತ್ತಿದ್ದಳು.

ಅಪ್ಪ ಹೋದ ಮೇಲೆ ಪಾಲಾಯಿತು. ರಸ್ತೆ ಬದಿಯ ದೊಡ್ಡ ಮನೆ, ಕಾರು ಅಣ್ಣನಿಗೆ; ಅಮ್ಮ ಉಳಿದದ್ದೂ ಅಲ್ಲೇ. ಸ್ಟೋರು, ಪಲ್ಪರು, ಅದರ ಹಿಂದಿನ ತೋಟ ನನಗೆ. ಅಣ್ಣ ಮನೆಯನ್ನು ಹೋಂಸ್ಟೇ ಮಾಡಿದ. ತೋಟದ ನಡುವೆ ಕೂತು ಅಂಗಡಿಯ ಚಿಕೋರಿ ಪುಡಿ ಕಲಸಿ ‘ನಮ್ಮದೇ ಎಸ್ಟೇಟಿನ ಶುದ್ಧ ಕಾಫಿ’ ಅಂತ ಬಡಿಸುವ ಮಹಾನುಭಾವ ಅವನು. ಬಂದವರು ಕಣ್ಣು ಮುಚ್ಚಿ ಮೂಸಿ ಆಹಾ ಅನ್ನುತ್ತಾರೆ. ಕಾರಿನ ಕ್ಲಚ್ಚು ಗಟ್ಟಿ ಅಂತ ಅವನು ಅದನ್ನು ಮುಟ್ಟುತ್ತಿರಲಿಲ್ಲ. ಹೆಸರು ಅವನದು, ಓಡಿಸುವುದು ನಾನು. ಕಾಳುಮೆಣಸಿನ ಮೂಟೆ ಪಕ್ಕದ ಸೀಟಿಗೆ ಕಟ್ಟಿಕೊಂಡು ಯಸಳೂರಿಗೆ ಹೋಗುತ್ತಿದ್ದೆ. ಮೂಟೆಗೆ ಹಗ್ಗದ ಬೆಲ್ಟು ಹಾಕಿದ್ದನ್ನು ನೋಡಿ ಬಸ್ಸಿನವರು ನಗುತ್ತಿದ್ದರು.

ಎರಡು ವರ್ಷದ ಹಿಂದೆ ಅಣ್ಣನಲ್ಲಿ ಉಳಿಯಲು ಬಂದ ಒಬ್ಬ ಹಳೇ ಕಾರುಗಳ ಕ್ಲಬ್ಬಿನವನು. ತನ್ನೂರಲ್ಲಿ ಅಂಥ ನಾಕಾರು ಕಾರು ಸಾಕಿಕೊಂಡಿದ್ದಾನಂತೆ, ಸ್ಪರ್ಧೆಗಳಲ್ಲಿ ತೀರ್ಪು ಕೊಡುತ್ತಾನಂತೆ. ಕಾರು ಕಂಡವನೇ ಓಡಿಬಂದು ಅದರ ಕೆನ್ನೆ ಸವರಿದ. ಬಾನೆಟ್ ಎತ್ತಿದ. ಅಲ್ಲಿಗೆ ಮುಖ ಕಿವುಚಿಕೊಂಡ.

‘ಇಂಥ ಕಾರಿಗೆ ಜೀಪಿನ ಎಂಜಿನ್ ಹಾಕಿದವನನ್ನು ಜೈಲಿಗೆ ಹಾಕಬೇಕು’ ಅಂದ. ‘ಕಲಬೆರಕೆ. ಈಗ ಇದು ಕಾರೇ ಅಲ್ಲ.’

ಹಾಕಿದವರು ನಮ್ಮಪ್ಪ ಅಂತ ಅಣ್ಣ ಹೇಳಬಹುದಿತ್ತು. ಹೇಳಲಿಲ್ಲ. ಹಲ್ಲು ಕಿರಿದ. ಮೆಣಸಿನ ಖಾಲಿ ಚೀಲ ಮಡಚುತ್ತಿದ್ದ ನನಗೆ ಅವತ್ತು ಆ ತೀರ್ಪುಗಾರನಿಗಿಂತ ಅಣ್ಣನ ಮೇಲೆಯೇ ಅಸಹ್ಯ ಹುಟ್ಟಿತು. ಅದು ಈಗಲೂ ಹೋಗಿಲ್ಲ, ಹೋಗಲಿ ಅಂತ ನಾನು ಪ್ರಯತ್ನವನ್ನೂ ಮಾಡಿಲ್ಲ.

ಕ್ಲಬ್ಬಿನ ಕಾರುಗಳ ಮೆರವಣಿಗೆ ಜನವರಿಯಲ್ಲಿ ಸಕಲೇಶಪುರದ ಮೇಲೆ ಹಾದುಹೋಗುವುದಿತ್ತು. ಅದರಲ್ಲಿ ನಮ್ಮ ಕಾರೂ ನಿಲ್ಲಬೇಕು, ‘ಒರಿಜಿನಲ್’ ಅನ್ನಿಸಿಕೊಳ್ಳಬೇಕು ಎನ್ನುವ ಹುಚ್ಚು ಅಣ್ಣನಿಗೆ ಹಿಡಿಯಿತು. ಒರಿಜಿನಲ್ ಎಂಜಿನ್ ಇದ್ದದ್ದು ನನ್ನ ಸ್ಟೋರಿನಲ್ಲಿ. ಪಾಲಾದ ಮೇಲೆ ಒಂದು ಸಲವೂ ಸ್ಟೋರಿನ ಹೊಸಿಲು ತುಳಿಯದವನು ಒಂದು ಬೆಳಗ್ಗೆ ಬಂದು ನಿಂತ.

‘ಪಲ್ಪರಿಂದು ಕೊಡು ಮಾರಾಯ್ತಿ. ಕಾರಿಂದು ನೀನೇ ಇಟ್ಕೋ.’

‘ಕೊಯ್ಲು ಮುಗೀಲಿ, ಕೊಡ್ತೀನಿ.’

‘ಅಷ್ಟೊತ್ತಿಗೆ ರ್‍ಯಾಲಿ ಮುಗ್ದು ಹೋಗ್ಬುಟ್ಟಿರ್ತದೆ ಕಣೆ. ನೀನು ಕೊಡ್ದಿದ್ರೆ ಹೊರಗಿಂದ ಬೇರೆ ತರುಸ್ತೀನಿ. ಇದನ್ನ ಗುಜರಿಗೆ ಹಾಕ್ತೀನಿ, ಅಷ್ಟೇಯ.’

ಗುಜರಿಯಿಂದ ಅಪ್ಪ ಎತ್ತಿ ತಂದು ಜೀವ ಕೊಟ್ಟದ್ದನ್ನು ಇವನು ತಿರುಗಿ ಗುಜರಿಗೆ ಹಾಕುತ್ತಾನಂತೆ. ಹಾಕುವವನೇ. ಅದೊಂದು ಉಳಿದರೆ ಸಾಕು ಅನ್ನಿಸಿ ಒಪ್ಪಿದೆ. ಒಂದೇ ಷರತ್ತು: ನನ್ನದನ್ನು ಬಿಚ್ಚಿದ ದಿನವೇ ಸಂಜೆಯೊಳಗೆ ಅಪ್ಪನ ಎಂಜಿನ್ ಪಲ್ಪರಿಗೆ ಕೂರಬೇಕು. ಅದಕ್ಕೇನಂತೆ ಅಂದ.

ಮಗ್ಗೆಯಿಂದ ಕರೆಸಿದ ಮೆಕ್ಯಾನಿಕ್ ಬೆಳಗ್ಗೆಯೇ ಬಂದು ನನ್ನದನ್ನು ಬಿಚ್ಚಿಕೊಂಡು ಹೋದ. ಸಂಜೆ ಅಂಗಳದ ತುಂಬ ಕೆಂಪು ಹಣ್ಣು. ಅಪ್ಪನ ಎಂಜಿನ್ ಬರಲಿಲ್ಲ. ಫೋನ್ ಮಾಡಿದರೆ, ಕಾರಿಗೆ ಪಾಲಿಷ್ ಹಾಕಿಸುತ್ತಿದ್ದೀನಿ, ನಾಳೆ ಮಧ್ಯಾಹ್ನ ಆಗಬಹುದಾ ಅಂತ ಕೇಳಿದ. ಕಾಫಿ ತೋಟದಲ್ಲಿ ಹುಟ್ಟಿ ಬೆಳೆದವನ ಬಾಯಲ್ಲಿ ಬರುವ ಮಾತೇ ಅದು? ಬೇರೆ ಪಲ್ಪರಿಗೆ ಸಾಗಿಸೋಣವೆಂದರೆ ಅಕ್ಕಪಕ್ಕದ ತೋಟದವರ ಅಂಗಳಗಳೂ ತುಂಬಿದ್ದವು. ಬೆಳಗ್ಗೆ ರಾಶಿಗೆ ಕೈ ಹಾಕಿದರೆ ಬಿಸಿ, ಹುಳಿ ನಾತ. ಅಷ್ಟನ್ನೂ ಸಿಪ್ಪೆ ಸಮೇತ ಕಣದಲ್ಲಿ ಒಣಗಹಾಕಬೇಕಾಯಿತು. ಸುಲಿದು ಒಣಗಿಸಿ ಒಳ್ಳೇ ಬೆಲೆಯ ಪಾರ್ಚ್‌ಮೆಂಟ್ ಆಗಬೇಕಿದ್ದ ಹಣ್ಣು ಅಗ್ಗದ ಚೆರ್ರಿಯಾಗಿ ಹೋಯಿತು, ಇವನ ಪಾಲಿಷಿಗಾಗಿ. ಅಪ್ಪನ ಎಂಜಿನ್ ಬಂದು ಪಲ್ಪರಿಗೆ ಕೂತದ್ದು ಆಮೇಲೆ.

ಮೆರವಣಿಗೆ ಬಂತು. ಹೋಂಸ್ಟೇ ಮುಂದೆ ಸಾಲಾಗಿ ಕಾರುಗಳು. ಮಟಮಟ ಮಧ್ಯಾಹ್ನದಲ್ಲಿ ಉಣ್ಣೆ ಟೋಪಿ, ಚರ್ಮದ ಕೈಗವಸು ಹಾಕಿಕೊಂಡು ಬೆವರುವ ಗಂಡಸರು. ಒಂದು ಕಾರನ್ನಂತೂ ಲಾರಿಯ ಮೇಲೆ ಹೇರಿಕೊಂಡು ಬಂದು, ನಮ್ಮ ಮನೆಯ ಹಿಂದಿನ ತಿರುವಿನಲ್ಲಿ ಇಳಿಸಿ, ಅಲ್ಲಿಂದ ಗತ್ತಿನಲ್ಲಿ ಓಡಿಸಿಕೊಂಡು ಬಂದರು. ತೋಟದ ಬೇಲಿಯಿಂದ ನಾನೇ ಕಣ್ಣಾರೆ ನೋಡಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು, ಅಣ್ಣ ಎಲ್ಲರಿಗಿಂತ ಜೋರಾಗಿ.

ನಮ್ಮ ಕಾರಿಗೆ ಹೊಸ ಬಾನೆಟ್ ಬಂದಿತ್ತು. ಬುಗುಟಿಲ್ಲದ, ನುಣುಪಾದ ಬಾನೆಟ್. ಆ ತೀರ್ಪುಗಾರ ಅದನ್ನೆತ್ತಿ, ಒಳಗೆ ತಲೆ ತೂರಿಸಿ, ಟಾರ್ಚ್ ಬಿಟ್ಟು, ಎಂಜಿನ್ನಿನ ಪಕ್ಕೆಯಲ್ಲಿದ್ದ ನಂಬರನ್ನು ಬಟ್ಟೆಯಲ್ಲಿ ಉಜ್ಜಿದ. ಮತ್ತೆ ಉಜ್ಜಿದ. ಕೊನೆಗೆ ಎದ್ದು, ಸಾವಿನ ಸುದ್ದಿ ಹೇಳುವವನ ಹಾಗೆ ಟೋಪಿ ತೆಗೆದ.

‘ಇದೂ ಈ ಕಾರಿನದಲ್ಲ. ಅದೇ ಕಂಪನಿಯದು, ಆದರೆ ಸಾಮಾನು ಸಾಗಿಸುವ ವ್ಯಾನಿನ ಎಂಜಿನ್. ನಂಬರಿನ ಮುಂದಿನ ಅಕ್ಷರಗಳೇ ಬೇರೆ. ನಿಮ್ಮ ದೊರೆಯೇ ಬದಲಾಯಿಸಿದ್ದಾನೆ.’

ನಾನು ಗಟ್ಟಿಯಾಗಿ ನಕ್ಕುಬಿಟ್ಟೆ. ಎಲ್ಲರೂ ತಿರುಗಿ ನೋಡಿದರು, ನೋಡಲಿ. ತಾತನ ಕಾಲದಿಂದ ದೊರೆಯ ಕಾರು, ದೊರೆಯ ಕಾರು ಅಂತ ಈ ಮನೆಯವರು ತಲೆಯ ಮೇಲೆ ಹೊತ್ತು ಮೆರೆಸಿದ್ದೇ ಮೆರೆಸಿದ್ದು. ದೊರೆಯೂ ಏರು ಹತ್ತಲಾರದೆ ವ್ಯಾನಿನ ಎಂಜಿನ್ನಿಗೆ ಕೈ ಹಾಕಿದವನೇ. ಅದು ಬಾನೆಟ್ಟಿನೊಳಗೇ ಹಿಡಿಯಿತು, ಅವನಿಗೆ ತಗಡು ಬಡಿದು ಮುಚ್ಚುವ ತೊಂದರೆಯಾಗಲಿಲ್ಲ, ಅಷ್ಟೇ.

ಅಣ್ಣನ ಮುಖ ಹುಳ್ಳಗಾದದ್ದು ಕಂಡು ತೀರ್ಪುಗಾರ ಅವನ ಹೆಗಲ ಮೇಲೆ ಕೈ ಹಾಕಿ ಪಿಸುಗುಟ್ಟಿದ. ಬೇಲಿ ಹತ್ತಿರವೇ ಇದ್ದುದರಿಂದ ನನಗೂ ಕೇಳಿತು. ‘ಬೇಜಾರು ಮಾಡ್ಕೋಬೇಡಿ. ಸರಿಯಾದ ನಂಬರ್ ನಾನು ಹುಡುಕಿ ಕೊಡ್ತೀನಿ. ಇದನ್ನ ತೇಯ್ದು ಮೇಲೆ ಅದನ್ನ ಒತ್ತಿಸಿದರಾಯ್ತು. ನಾವೆಲ್ಲ ಮಾಡೋದು ಅದೇ.’

ಕೈಯಾರೆ ತಗಡು ಬಡಿದು, ಜೀಪಿನದು ಅಂತ ಊರಿಗೆಲ್ಲ ಹೇಳಿಕೊಂಡು ಓಡಾಡಿದ ನಮ್ಮಪ್ಪನನ್ನು ಜೈಲಿಗೆ ಹಾಕಬೇಕು ಅಂದದ್ದು ಇದೇ ಬಾಯಿ. ಉಗಿಯಬೇಕು ಅನ್ನಿಸಿತು. ಸ್ಟೋರಿನಲ್ಲಿ ಹಣ್ಣು ಕಾಯುತ್ತಿತ್ತು, ಹೊರಟುಬಂದೆ.

ಈಗ ಕಾರು ಹೋಂಸ್ಟೇ ಪೋರ್ಟಿಕೋದಲ್ಲಿ ದೀಪದ ಕೆಳಗೆ ನಿಂತಿದೆ. ಮೆರವಣಿಗೆಯ ದಿನ ಗೇಟಿನ ಏರಿನಲ್ಲೇ ಕೆಮ್ಮಿ ನಿಂತದ್ದು, ತಳ್ಳಿ ಒಳಗೆ ತಂದರು, ಮತ್ತೆ ಹೊರಡಲಿಲ್ಲ. ನಂಬರ್ ಮಾತ್ರ ಹೊಸದಾಗಿ ಹೊಳೆಯುತ್ತಿದೆಯಂತೆ. ಬಂದವರು ಅದಕ್ಕೆ ಒರಗಿ ಸೆಲ್ಫಿ ತೆಗೆದುಕೊಂಡು ಚಿಕೋರಿ ಕಾಫಿ ಕುಡಿಯುತ್ತಾರೆ. ನಾನು ಯಸಳೂರಿಗೆ ಬಸ್ಸಿನಲ್ಲಿ ಹೋಗುತ್ತೇನೆ. ಏರಿನಲ್ಲಿ ಕಾಲು ತಾನಾಗಿ ಕ್ಲಚ್ ಹುಡುಕುತ್ತದೆ. ಹೊಟ್ಟೆ ಉರಿಯುತ್ತದೆ, ಇಲ್ಲ ಅಂತ ಯಾಕೆ ಹೇಳಲಿ.

ಹಳೇ ಬಾನೆಟ್ ಹೋಂಸ್ಟೇ ಹಿತ್ತಲಿನಲ್ಲಿ ಸೌದೆ ರಾಶಿಯ ಮೇಲೆ ಬೋರಲು ಬಿದ್ದಿತ್ತು. ಯಾರನ್ನೂ ಕೇಳದೆ ಹೊತ್ತು ತಂದೆ. ಸ್ಟೋರಿನ ಶೀಟು ಸೋರುವ ಕಡೆಯೇ ಅಪ್ಪನ ಎಂಜಿನ್ ಕೂತಿತ್ತು. ನಾಲ್ಕು ಕಂಬ ನೆಟ್ಟು ಬಾನೆಟ್ಟನ್ನು ಅದರ ಮೇಲೆ ಇಳಿಸಿದೆ. ಬುಗುಟು ತನ್ನ ಜಾಗಕ್ಕೆ ತಾನೇ ಕೂತಿತು. ಅವತ್ತು ನಾನು ಅತ್ತೆ.

ಈ ಸಲದ ಕೊಯ್ಲಿನಲ್ಲಿ ಒಂದು ಸಂಜೆ ಪಲ್ಪರ್ ಓಡುತ್ತಿದ್ದಾಗ ಬಾಗಿಲಲ್ಲಿ ಅಣ್ಣ ಬಂದು ನಿಂತ. ಏನೂ ಬೇಕಿರಲಿಲ್ಲ ಅವನಿಗೆ.

‘ಅಲ್ಲಿ ಅಡುಗೆಮನೆ ತಂಕ ಕೇಳುಸ್ತೈತೆ ಕಣೆ’ ಅಂದ. ‘ಅಪ್ಪ ಬಂದಂಗೇ ಆಯ್ತದೆ. ಅಮ್ಮ ಇವತ್ತೂ ಎದ್ದೋಗಿ ಕಾಫಿಗೆ ನೀರಿಟ್ಬುಟ್ಲು.’

ಬುಟ್ಟಿಯ ಹಣ್ಣು ಪಲ್ಪರಿಗೆ ಸುರಿದೆ. ಅಷ್ಟಕ್ಕೇ ಅವನನ್ನು ಬಿಡಲಿಲ್ಲ. ‘ಹೋಗು ಮತ್ತೆ’ ಅಂದೆ, ‘ನಿನ್ ಒರಿಜಿನಲ್ಲು ಕಾಯ್ತಾ ಐತೆ.’

ಅವನು ಹೋಗಲಿಲ್ಲ. ಹಣ್ಣು ಮುಗಿದು ನಾನು ಎಂಜಿನ್ ನಿಲ್ಲಿಸುವ ತನಕ ಬುಗುಟಿನ ಮೇಲೆ ಕೈ ಇಟ್ಟುಕೊಂಡು ನಿಂತಿದ್ದ.