ಸುಜಾತಳ ಕತ್ತಿನ ಗುಳ್ಳೆ

ಹರದನಹಳ್ಳಿಯ ಸಣ್ಣಯ್ಯ ಹೊಳೆನರಸೀಪುರದಲ್ಲಿ ಗುಮಾಸ್ತನಾದ ಮೇಲೆ ಮಾಡಿದ ಮೊದಲ ಘನಕಾರ್ಯವೆಂದರೆ ಬಟ್ಟೆಯನ್ನು ಅಗಸನಿಗೆ ಹಾಕಿದ್ದು. ನಗಬೇಡಿ. ಊರಾಚೆಯ ಕೇರಿಯಲ್ಲಿ ಹುಟ್ಟಿದವನ ಬಟ್ಟೆಯನ್ನು ಅವನ ತಾತನ ಕಾಲದಿಂದಲೂ ಯಾವ ಅಗಸನೂ ಮುಟ್ಟಿದ್ದಿಲ್ಲ. ಈಗ ಕಾನೂನು ಬಂದಿತ್ತು, ನೌಕರಿಯೂ ಬಂದಿತ್ತು. ಹೇಮಾವತಿ ದಡದಲ್ಲಿ ಒಗೆಯುತ್ತಿದ್ದ ಮಡಿವಾಳರ ಮುದ್ದಯ್ಯ ತುಸು ತಲೆ ಕೆರೆದುಕೊಂಡು, “ಆಗ್ಲಿ, ತನ್ನಿ ಸಾ” ಅಂದುಬಿಟ್ಟ. ಸಣ್ಣಯ್ಯನಿಗೆ ಸ್ವರ್ಗಕ್ಕೆ ಮೂರೇ ಗೇಣು.

ಒಗೆದು ಬಂದ ಅಂಗಿಯ ಕಾಲರಿನೊಳಗೆ, ಯಾರ ಬಟ್ಟೆಯೆಂದು ತಿಳಿಯಲು ಕೇರುಬೀಜದ ರಸದಲ್ಲಿ ಹಾಕಿದ ಅಗಸನ ಕಪ್ಪು ಗುರುತು. ಊರಿಗೆ ಹೋದಾಗಲೆಲ್ಲ ಅವನು ಕಾಲರು ಮಗುಚಿ ತೋರಿಸುತ್ತಿದ್ದ. “ನೋಡ್ರಲಾ, ಅಮಲ್ದಾರ್ರ ಅಂಗಿ ಜೊತೇಲೇ ಒಗೀತಾನೆ ಕಣ್ರಲಾ!” ಮನೆಯಲ್ಲೇ ಒಗೆಯುತ್ತೇನೆಂದು ಹೆಂಡತಿ ಬೆಟ್ಟಮ್ಮ ಬೇಡಿಕೊಂಡರೂ ಕೇಳದೆ, ಎರಡು ವರ್ಷದ ಮಗಳು ಸುಜಾತಳ ಹೊಸ ಫ್ರಾಕುಗಳನ್ನೂ ಗಂಟಿಗೆ ತುರುಕಿದ.

ಆಮೇಲೆ ಕೆಲವೇ ದಿನಕ್ಕೆ ಮಗುವಿನ ಕತ್ತಿನ ಹಿಂದೆ ಕೆಂಪು ದದ್ದು ಎದ್ದಿತು. ಮಾರನೆಯ ದಿನ ಅದೇ ನೀರುಗುಳ್ಳೆಯಾಯಿತು. ಸಣ್ಣಯ್ಯನ ತಾಯಿ ಹೊನ್ನಕ್ಕ ಊರಿನಿಂದ ಓಡಿಬಂದವಳೇ ಮೊಮ್ಮಗಳಿಗೆ ಕೈ ಮುಗಿದುಬಿಟ್ಟಳು. “ಅಮ್ಮ ಬಂದವ್ಳೆ ಕಣಪ್ಪಾ!” ಬಾಗಿಲಿಗೆ ಬೇವಿನ ಸೊಪ್ಪು ಬಂತು, ಅಡುಗೆಗೆ ಒಗ್ಗರಣೆ ನಿಂತಿತು. ಸಣ್ಣಯ್ಯನ ತಮ್ಮ ಹೋದದ್ದೂ ಸಿಡುಬಿನಲ್ಲೇ. ಆಫೀಸಿನಲ್ಲಿ ದೇವರೂ ಇಲ್ಲ ದಿಂಡರೂ ಇಲ್ಲ ಎಂದು ವಾದಿಸುತ್ತಿದ್ದ ಮಹಾಶಯ, ಯಾರೂ ಕಾಣದ ಹಾಗೆ ಮಾರಮ್ಮನಿಗೆ ಹರಕೆ ಕಟ್ಟಿಕೊಂಡ. ಮಗಳು ಉಳಿದರೆ ಸಾಕಾಗಿತ್ತು ಅವನಿಗೆ.

ಅಮ್ಮ ಬಂದ ಮಗುವಿಗೆ ಮಡಿಬಟ್ಟೆಯನ್ನೇ ತೊಡಿಸಬೇಕೆಂದು ಹೊನ್ನಕ್ಕನ ಕಟ್ಟಪ್ಪಣೆ. ಮುದ್ದಯ್ಯ ಒಗೆದದ್ದಕ್ಕಿಂತ ಮಡಿ ಯಾವುದಿದ್ದೀತು? ಬೆಳಿಗ್ಗೆ ಒಂದು ಫ್ರಾಕು, ಸಂಜೆ ಇನ್ನೊಂದು. ಭಕ್ತಿ ಹೆಚ್ಚಿದಷ್ಟೂ ಗುಳ್ಳೆ ಹೆಚ್ಚಿತು. ಮಗು ಕತ್ತು ಕೆರೆದುಕೊಂಡು ಕಿರುಚುವುದನ್ನು ನೋಡಲಾರದೆ, ಕೊನೆಗೆ ತಾಯಿಯ ಬೈಗುಳಕ್ಕೆ ಕಿವಿಗೊಡದೆ ಅವನು ಅದನ್ನೆತ್ತಿಕೊಂಡು ಡಾಕ್ಟರ ಬಳಿಗೆ ಓಡಿದ.

ಡಾಕ್ಟರು ಗುಳ್ಳೆ ನೋಡಿದರು. ಫ್ರಾಕಿನ ಕತ್ತು ತಿರುಗಿಸಿ ನೋಡಿದರು. ಆಮೇಲೆ ನಕ್ಕರು.

“ಅಮ್ಮನೂ ಇಲ್ಲ, ಅಜ್ಜಿಯೂ ಇಲ್ಲ ಕಣ್ರೀ. ಗುರುತಿನ ಕೇರುಬೀಜದ ರಸ ತಾಗಿ ಎಳೇ ಚರ್ಮ ಸುಟ್ಟಿದೆ ಅಷ್ಟೆ. ಅಲ್ಲ, ಇಷ್ಟು ದಪ್ಪ ಗುರುತು ಯಾಕೆ ಹಾಕಿಸಿದ್ರಿ? ನನ್ನದು ನೋಡಿ.”

ಅವರ ಕಾಲರಿನಲ್ಲಿದ್ದದ್ದು ಸಾಸಿವೆಯಷ್ಟು ಚುಕ್ಕೆ. ಮಗಳ ಫ್ರಾಕಿನಲ್ಲಿದ್ದದ್ದು, ತನ್ನ ಅಂಗಿಯಲ್ಲಿದ್ದಂಥದೇ, ಎಂಟಾಣೆ ಅಗಲದ ಕಪ್ಪು ಸುತ್ತು.

ಸಾಯುವ ಕಾಯಿಲೆಯಲ್ಲವೆಂದು ತಿಳಿದು ಸಣ್ಣಯ್ಯನ ಕಣ್ಣು ಅಲ್ಲೇ ತುಂಬಿಬಂತು. ಮುಲಾಮು ಕೊಂಡುಕೊಂಡು, ಮಗುವನ್ನು ಹೆಗಲಿಗೆ ಹಾಕಿಕೊಂಡು ನೇರವಾಗಿ ಹೊಳೆದಡಕ್ಕೆ ಹೋದ.

“ಎಲ್ರಿಗೂ ಆಕ್ದಂಗೆ ನಮ್ಗೂ ಒಂದ್ ಚುಕ್ಕೆ ಆಕ್ಬಾರ್ದಾ ಮುದ್ದಯ್ಯ?”

ಮುದ್ದಯ್ಯ ಕೆಟ್ಟವನಲ್ಲ. ಮಗುವಿನ ಕತ್ತು ನೋಡಿ ಅಯ್ಯೋ ಎಂದು ಮರುಗಿದ. “ಚುಕ್ಕೆ ಆಕುದ್ರೆ ಬೆರ್ತೋಯ್ತವೆ ಸಾ. ನಿಮ್ಮವುನ್ನ ಬ್ಯಾರೆ ಅಂಡೇಲಿ ಬೇಯುಸ್ಬೇಕು. ಪ್ಯಾಟೆಯೋರು ಬಂದು ಕಣ್ಣಾರೆ ನೋಡ್ಕಂಡ್ ಓಯ್ತಾರೆ. ಆ ಸುತ್ತು ಕಾಣ್ದಿದ್ರೆ ನಂಗ್ಯಾರೂ ಬಟ್ಟೆ ಆಕಾಕಿಲ್ಲ.” ಅಷ್ಟು ಹೇಳಿ ಮುಖ ತಗ್ಗಿಸಿದ.

ಸಣ್ಣಯ್ಯ ಜಗಳವಾಡಲಿಲ್ಲ. ತನ್ನ ಗಂಟನ್ನು ಕೇಳಿ ಇಸಕೊಂಡು ಮನೆಗೆ ಬಂದ. ಜಗಲಿಯ ಮೇಲೆ ಕೂತು, ಕತ್ತರಿ ಹಿಡಿದು, ಮಗಳ ಒಂದೊಂದು ಫ್ರಾಕಿನಿಂದಲೂ ಆ ಸುತ್ತನ್ನು ಕತ್ತರಿಸಿ ತೆಗೆದ. ಬೆಟ್ಟಮ್ಮ ಸಮಾಧಾನದಿಂದ ಮಗುವಿಗೆ ಮುಲಾಮು ಸವರುತ್ತಿದ್ದಳು. ಫ್ರಾಕುಗಳು ಮುಗಿದ ಮೇಲೆ ಅವನು ತನ್ನ ಆಫೀಸಿನ ಅಂಗಿಯನ್ನೆಳೆದುಕೊಂಡು ಕಾಲರಿಗೆ ಕತ್ತರಿ ಇಟ್ಟಾಗ ಅವಳು ಹೌಹಾರಿದಳು.

“ಅಯ್ಯೋ, ಒಳ್ಳೇ ಅಂಗೀನ ಯಾಕ್ ಆಳ್ ಮಾಡ್ತೀರಿ? ನಿಮ್ಗೇನ್ ಉರೀತಿತ್ತಾ?”

“ಉರೀತಿರ್ನಿಲ್ಲ” ಎಂದ ಸಣ್ಣಯ್ಯ, ಕತ್ತರಿ ನಿಲ್ಲಿಸದೆ. “ಇವತ್ತಿಂದ ಉರೀತಾದೆ.”